ಮುನಿರಾಜನ ಡಿಸ್ಕು, ನನ್ನ ಪ್ಲೇಯರು

ಅಥವಾ ಆ ದಿನ ನನ್ನ ಡಿಸ್ಕ್ ಪ್ಲೇಯರನ್ನು ಪೊಲೀಸ್ ಠಾಣೆಗೆ ಹೊತ್ತು ತಂದವನು ನಾನಲ್ಲ, ಪೇದೆಯೇ ಇರಬಹುದು. ನನ್ನ ನೆನಪಿನಲ್ಲಿ ಮಾತ್ರ ನಾನೇ ಅದನ್ನು ಟವೆಲಿನಲ್ಲಿ ಸುತ್ತಿ, ಎಳೆಗೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು, ಶಿಡ್ಲಘಟ್ಟದ ಬಸ್ ನಿಲ್ದಾಣದ ಮುಂದೆ ನಡೆದು ಹೋಗುತ್ತಿದ್ದೇನೆ. ಮೈಮೇಲೆ ನೀಲಿ ಗೆರೆಯ ಅಂಗಿ. ಆ ಅಂಗಿ ಹೊಲಿಸಿದ್ದು ಇದೆಲ್ಲ ಮುಗಿದು ಎರಡು ವರ್ಷಕ್ಕೆ ಎಂದು ಹೆಂಡತಿ ಸಾವಿತ್ರಿ ಹೇಳುತ್ತಾಳೆ. ಬಟ್ಟೆಯ ವಿಷಯದಲ್ಲಿ ಅವಳ ಮಾತು ಎಂದೂ ತಪ್ಪಿಲ್ಲ. ಅಂಗಿಯೇ ಸುಳ್ಳಾದ ಮೇಲೆ ಅದರೊಳಗಿದ್ದ ಮನುಷ್ಯನನ್ನು ಎಷ್ಟು ನಂಬುವುದು? ನೆನಪು ಎನ್ನುವುದು ಟಾಕೀಸಿನ ಕತ್ತಲಲ್ಲಿ ಯಾರೋ ಕದ್ದು ತೆಗೆದ ಕ್ಯಾಮೆರಾ ಪ್ರಿಂಟಿನ ಹಾಗೆ. ಚಿತ್ರವೇನೋ ಇರುತ್ತದೆ, ಆದರೆ ಓರೆಯಾಗಿ. ಮುಖ್ಯವಾದ ಘಟ್ಟ ಬಂದಾಗ ಯಾರೋ ಎದ್ದು ನಿಂತು ಅಡ್ಡ ಬರುತ್ತಾರೆ. ನನ್ನ ವಿಷಯದಲ್ಲಿ ಹಾಗೆ ಅಡ್ಡ ಬರುವವನು ಬಹುಪಾಲು ನಾನೇ.

ಆಗ ನಾನು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತನಾಗಿದ್ದೆ. ಊರಿನಲ್ಲಿ ಮನೆಮನೆಗೂ ಡಿಸ್ಕ್ ಪ್ಲೇಯರ್ ಬರುತ್ತಿದ್ದ ಕಾಲ. ಕೆಲವರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ಪಾರಿವಾಳದ ಹುಚ್ಚು, ನನಗೆ ಹೋಮ್ ಥಿಯೇಟರಿನ ಹುಚ್ಚು ಹಿಡಿದಿತ್ತು. ಅಂಗಡಿಯ ಸ್ಪೀಕರ್ ಡಬ್ಬಿಗಳಲ್ಲಿ ಶಬ್ದ ಉಸಿರುಗಟ್ಟುತ್ತದೆ, ಮಣ್ಣಿನ ಮಡಕೆಯಲ್ಲಿ ಕೂರಿಸಿದರೆ ಗುಂಡಗೆ ಹೊರಬರುತ್ತದೆ ಎಂದು ಯಾರೋ ಹೇಳಿದ್ದರು. ದಿಬ್ಬೂರಹಳ್ಳಿ ಸಂತೆಯಿಂದ ಐದು ಮಡಕೆ ತಂದೆ. ಬಾಯಿಗೆ ಸ್ಪೀಕರು, ಬುಡಕ್ಕೆ ತೂತು, ತೂತಿನಿಂದ ವೈರು. ಗೋಡೆಗೆ ಬಡಿದ ಶಬ್ದ ವಾಪಸು ಬರದಿರಲೆಂದು, ರೇಷ್ಮೆಹುಳು ಗೂಡು ಕಟ್ಟುವ ಹಳೆಯ ಬಿದಿರಿನ ಚಂದ್ರಿಕೆಗಳನ್ನು ಸುತ್ತಲೂ ನೇತುಹಾಕಿದೆ. ಮನೆಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು, "ಎಷ್ಟು ಹುಳ ಸಾಕಿದ್ದೀರಿ?" ಎಂದು. ಸಾವಿತ್ರಿ, "ಹುಳ ಒಂದೇ. ಗೂಡು ಇನ್ನೂ ಕಟ್ಟಿಲ್ಲ" ಎನ್ನುತ್ತಿದ್ದಳು.

ಈ ವೈಭವಕ್ಕೆಲ್ಲ ಮೇವು ಒದಗಿಸುತ್ತಿದ್ದವನು ಮುನಿರಾಜು. ಮಾರುಕಟ್ಟೆಯ ರಸ್ತೆಯಲ್ಲಿ ಅವನದೊಂದು ಡಿಸ್ಕಿನ ಅಂಗಡಿ. ಶುಕ್ರವಾರ ಬಿಡುಗಡೆಯಾದ ಸಿನಿಮಾ ಸೋಮವಾರ ಅವನಲ್ಲಿ ಸಿಗುತ್ತಿತ್ತು. ಅದು ಕದ್ದ ಮಾಲು ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹರಾಜಿಗಿಟ್ಟ ಗೂಡಿನಲ್ಲಿ ಯಾರಾದರೂ ಒಂದು ಹಿಡಿ ಎತ್ತಿಕೊಂಡರೆ ಊರೇ ಕೇಳುವ ಹಾಗೆ ಕೂಗಾಡುತ್ತಿದ್ದ ನಾನು, ಇನ್ನೊಬ್ಬರ ಇಡೀ ಸಿನಿಮಾವನ್ನು ಜೇಬಿನಲ್ಲಿಟ್ಟುಕೊಂಡು ಶಿಳ್ಳೆ ಹಾಕುತ್ತ ಮನೆಗೆ ಹೋಗುತ್ತಿದ್ದೆ. ಮುನಿರಾಜನ ಡಿಸ್ಕುಗಳು ಬೇರೆಯವರ ಮನೆಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತಿದ್ದವು, ನನ್ನ ಪ್ಲೇಯರಿನಲ್ಲಿ ಮಾತ್ರ ಓಡುತ್ತಿದ್ದವು. ಅದರ ಹೊಟ್ಟೆ ಬಿಚ್ಚಿ ತಿರುಪು ತಿರುಗಿಸಿ ಪಳಗಿಸಿದ್ದೆ. "ನನ್ನ ಪ್ಲೇಯರಿಗೆ ಹಪ್ಪಳ ಹಾಕಿದರೂ ಓಡುತ್ತೆ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಒಂದು ಮಧ್ಯಾಹ್ನ ಪೇದೆಯೊಬ್ಬ ಮಾರುಕಟ್ಟೆಗೆ ಬಂದು, "ಮಹಜರಿಗೆ ಪಂಚರು ಬೇಕಂತೆ, ಗೌರ್ಮೆಂಟ್ ನೌಕರರೇ ಆಗ್ಬೇಕಂತೆ, ಬನ್ನಿ ಸಾರ್" ಎಂದ. ನಮ್ಮ ಕಡೆ ಸಾಕ್ಷಿ ಬೇಕಾದಾಗಲೆಲ್ಲ ಪೊಲೀಸರಿಗೆ ಮೊದಲು ನೆನಪಾಗುವುದು ಗುಮಾಸ್ತರೇ. ಠಾಣೆಗೆ ಹೋಗಿ ನೋಡಿದರೆ ಬೆಂಚಿನ ಮೇಲೆ ಮುನಿರಾಜು, ಮೇಜಿನ ಮೇಲೆ ಗೋಣಿಚೀಲದ ತುಂಬ ಡಿಸ್ಕು, ಪಕ್ಕದಲ್ಲಿ ಸಿನಿಮಾ ಹಕ್ಕಿನವರ ಪರವಾಗಿ ಬೆಂಗಳೂರಿನಿಂದ ಬಂದಿದ್ದ ಸಫಾರಿ ತೊಟ್ಟ ಒಬ್ಬರು. ಡಿಸ್ಕಿನಲ್ಲಿರುವುದು ಇಂಥದೇ ಸಿನಿಮಾ ಎಂದು ಪಂಚರ ಸಮಕ್ಷಮ ಓಡಿ ಸಾಬೀತಾದರೆ ಕೇಸು, ಅಂಗಡಿಗೆ ಬೀಗ. ಆದರೆ ಠಾಣೆಯವರು ಎಲ್ಲಿಂದಲೋ ತರಿಸಿದ್ದ ಪ್ಲೇಯರು ಒಂದಾದ ಮೇಲೊಂದು ಡಿಸ್ಕನ್ನು ನುಂಗಿ ಉಗುಳುತ್ತಿತ್ತು.

"ಏನ್ರೀ ಇದು, ಒಂದೂ ಓಡಲ್ವಲ್ಲ! ಇಂಥ ದರಿದ್ರ ಮಾಲನ್ನ ಯಾರ್ರೀ ತಗೊಳ್ತಾರೆ?" ಎಂದರು ಸಬ್ ಇನ್ಸ್‌ಪೆಕ್ಟರು.

ಮುನಿರಾಜು ಆ ಕ್ಷಣದಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಅವನ ಮುಖ ಕೆಂಪಾಯಿತು. ಕಳ್ಳಮಾಲು ಎಂದಾಗ ಸುಮ್ಮನಿದ್ದವನು ದರಿದ್ರ ಮಾಲು ಎಂದದ್ದಕ್ಕೆ ಎದ್ದು ನಿಂತ.

"ಏನ್ ಸಾರ್ ಹಂಗಂತೀರಾ? ಓಡದೇ ಇರೋ ಮಾಲು ನಾನು ಇಡಲ್ಲ. ಆ ಡಬ್ಬಾದಾಗೆ ಓಡಲ್ಲ, ಅಷ್ಟೇ. ಈ ಅಣ್ಣನ ಮನೇಲಿರೋ ಪ್ಲೇಯರ್ ತರ್ಸಿ, ಹೆಂಗೆ ಓಡ್ತದೆ ನೋಡಿ! ಚೆಪ್ಪಣ್ಣಾ, ನೀನೇ ಹೇಳು!" ಎಂದು ನಮ್ಮ ಕಡೆಯ ತೆಲುಗು ಬೆರೆಸಿ ನನ್ನನ್ನು ಕೂಗಿದ.

ಎಲ್ಲರೂ ನನ್ನತ್ತ ತಿರುಗಿದರು. "ಓಹೋ, ಪಂಚರೂ ಗಿರಾಕೀನೇ" ಎಂದರು ಸಬ್ ಇನ್ಸ್‌ಪೆಕ್ಟರು. ಸಫಾರಿಯವರು ಬಹಳ ಮೃದುವಾಗಿ, "ನಿಮ್ಮ ಪ್ಲೇಯರಿನಲ್ಲಿ ನಿಜಕ್ಕೂ ಓಡುತ್ತಾ?" ಎಂದು ಕೇಳಿದರು. ಇಲ್ಲ ಎನ್ನಬಹುದಿತ್ತು. ಮುನಿರಾಜು ಅಲ್ಲೇ ಬಚಾವಾಗುತ್ತಿದ್ದ. ಆದರೆ ನನ್ನ ಬಾಯಿಂದ ಬಂದದ್ದು, "ಹಪ್ಪಳ ಹಾಕಿದರೂ ಓಡುತ್ತೆ ಸಾರ್."

ಪ್ಲೇಯರು ತರಲು ಮನೆಗೆ ಹೋದಾಗ (ಅಥವಾ ಪೇದೆಯನ್ನು ಕಳಿಸಿದಾಗ) ಸಾವಿತ್ರಿ, "ನಿಮ್ಮಿಬ್ಬರಲ್ಲಿ ಯಾರನ್ನ ಹಿಡಿದಿರೋದು?" ಎಂದು ಕೇಳಿದಳಂತೆ. ದಾರಿಯಲ್ಲಿ ಎಲ್ಲೋ ನನಗೆ ವಿಷಯ ಅರ್ಥವಾಯಿತು. ಪ್ಲೇಯರು ಓಡಿದರೆ ಮುನಿರಾಜನ ಅಂಗಡಿ ಮುಚ್ಚುತ್ತದೆ. ಓಡದಿದ್ದರೆ ನನ್ನ ಮಾನ ಹೋಗುತ್ತದೆ. ಮುನಿರಾಜನಿಗೂ ಅಷ್ಟರಲ್ಲಿ ಅರ್ಥವಾಗಿತ್ತು. ಬೆಂಚಿನ ತುದಿಯಲ್ಲಿ ಕೂತು, ನನ್ನನ್ನು ನೋಡುತ್ತ ಕಣ್ಣಿನಲ್ಲೇ ಏನೋ ಹೇಳುತ್ತಿದ್ದ. 'ಹೇಗಾದರೂ ತಪ್ಪಿಸಣ್ಣಾ' ಎಂದೋ, 'ಮಾನ ಉಳಿಸಣ್ಣಾ' ಎಂದೋ? ಕಣ್ಣಿನ ಭಾಷೆಗೆ ಮಹಜರು ಬರೆಯಲಾಗುವುದಿಲ್ಲ.

ಠಾಣೆಯಲ್ಲಿ ಎಲ್ಲರಿಗೂ ಬಿಸಿ ಬೋಂಡ ಬಂದಿತ್ತು. ಆರೋಪಿಗೆ ಎರಡು, ಪಂಚರಿಗೆ ಎರಡು. ಅದನ್ನು ತಿನ್ನುತ್ತಲೇ ಪ್ಲೇಯರಿನ ಮುಚ್ಚಳ ಬಿಚ್ಚಿ, ದಾರಿಯ ದೂಳು ಕೂತಿರಬಹುದೆಂದು ಒಳಗೆ ಊದಿದೆ. ಲೆನ್ಸನ್ನು ಒರೆಸಲು ನನ್ನ ಹತ್ತಿರ ಯಾವಾಗಲೂ ರೇಷ್ಮೆಯ ಒಂದು ಚೂರು ಇರುತ್ತಿತ್ತು. ಅದನ್ನು ಜೇಬಿನಿಂದ ತೆಗೆಯುವ ಮೊದಲೇ ನನ್ನ ಹೆಬ್ಬೆರಳು, ಬೋಂಡದ ಎಣ್ಣೆಯ ಸಮೇತ, ಲೆನ್ಸಿನ ಮೇಲೆ ಒಂದು ಸುತ್ತು ತಿರುಗಿ ಬಂತು. ಬರೀ ತಾಗಿದ್ದಲ್ಲ, ತಿರುಗಿತು. ರೇಷ್ಮೆ ಜೇಬಿನಲ್ಲೇ ಉಳಿಯಿತು.

ಡಿಸ್ಕು ಹಾಕಿದರು. ಗಿರ್ ಎಂದು ತಿರುಗಿತು. ಸಫಾರಿಯವರು ಮುಂದೆ ಬಗ್ಗಿದರು. ಪರದೆಯ ಮೇಲೆ 'ನೋ ಡಿಸ್ಕ್' ಎಂದು ಬಂತು. ಇನ್ನೊಂದು ಹಾಕಿದರು, 'ನೋ ಡಿಸ್ಕ್'. ಹತ್ತನೆಯದಕ್ಕೋ ಹನ್ನೊಂದನೆಯದಕ್ಕೋ ಪೇದೆ, "ಒಂದು ಹಪ್ಪಳ ತರ್ಲಾ ಸಾರ್?" ಎಂದ. ಇಡೀ ಠಾಣೆ ಬಿದ್ದು ಬಿದ್ದು ನಕ್ಕಿತು. ಸಫಾರಿಯವರೂ ನಕ್ಕರು. ಡಿಸ್ಕುಗಳನ್ನು ಬೆಂಗಳೂರಿಗೆ ಕಳಿಸಿ ನೋಡೋಣ ಎಂದು ತೀರ್ಮಾನವಾಯಿತು. 'ಪಂಚರ ಸಮಕ್ಷಮ ಪರಿಶೀಲಿಸಲಾಗಿ ಯಾವುದೂ ಓಡಲಿಲ್ಲ' ಎಂದು ಬರೆದದ್ದಕ್ಕೆ ನಾನು ಸಹಿ ಹಾಕಿದೆ. ಇನ್ನು ಮೇಲೆ ಅಂಗಡಿಯಲ್ಲಿ ಇಂಥ ಒಂದು ಡಿಸ್ಕು ಕಂಡರೂ ಬಿಡುವುದಿಲ್ಲ ಎಂದು ಗದರಿಸಿ ಮುನಿರಾಜನನ್ನು ಮನೆಗೆ ಕಳಿಸಿದರು.

ಠಾಣೆಯ ಮೆಟ್ಟಿಲಿಳಿಯುವಾಗ ಅವನು ನನ್ನ ಕೈ ಹಿಡಿದುಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನೋ, "ಏನಣ್ಣಾ, ಮಾನ ಕಳೆದ್ಬಿಟ್ಟೆ! ನನ್ ಮಾಲು ಓಡಲ್ಲ ಅಂತ ಸರ್ಕಾರಿ ಕಾಗ್ದದಾಗೆ ಸಹಿ ಹಾಕ್ಬಿಟ್ಯಲ್ಲ. ನಿನ್ ಪ್ಲೇಯರ್‌ನ ಗುಜರಿಗೆ ಹಾಕ್ಬಿಡು" ಎಂದು ಬೈದು ಹೋದ. ಮರುವಾರ ಡಿಸ್ಕಿನ ಜಾಗದಲ್ಲಿ ಮೊಬೈಲಿನ ಚಾರ್ಜರುಗಳನ್ನು ನೇತುಹಾಕಿದ್ದ. ಬೆಂಗಳೂರಿನ ವರದಿ ಬಂತೋ ಇಲ್ಲವೋ ನಾನು ಕೇಳಲು ಹೋಗಲಿಲ್ಲ.

ಮನೆಗೆ ಬಂದು ಲೆನ್ಸನ್ನು ರೇಷ್ಮೆಯಲ್ಲಿ ಒರೆಸಿದೆ. ನಮ್ಮ ಮದುವೆಯ ಡಿಸ್ಕು ಎಲ್ಲೂ ನಿಲ್ಲದೆ ಓಡಿತು. ಸಾವಿತ್ರಿ ಹಿಂದೆಯೇ ನಿಂತು, "ಬೇಕೂಂತ ಮಾಡಿದ್ರಾ?" ಎಂದಳು. ಅವಳಿಗೆ ಹೌದು ಎಂದೆ. ಒಳ್ಳೆಯವನಾಗಿ ಕಾಣುವ ಅವಕಾಶ ನನಗೆ ಸಿಗುವುದು ಅಪರೂಪ. ಮಾರುಕಟ್ಟೆಯಲ್ಲಿ ಕೇಳಿದವರಿಗೆ ಇಲ್ಲ ಎಂದೆ. ಅಲ್ಲಿ ನಾನು ಸರ್ಕಾರಿ ನೌಕರ. ಎರಡನ್ನೂ ಎಷ್ಟು ಸಲ ಹೇಳಿದ್ದೇನೆಂದರೆ ಈಗ ಎರಡೂ ಅಷ್ಟೇ ಸ್ಪಷ್ಟವಾಗಿ ನೆನಪಿವೆ. ಮುನಿರಾಜನನ್ನು ನಾನು ಉಳಿಸಿದೆನೋ, ಬೋಂಡ ಉಳಿಸಿತೋ, ನನಗೆ ಗೊತ್ತಿಲ್ಲ.