ನಮ್ಮ ಮಾವನ ಗ್ರೀಕ್ ದುಃಖ

ಸಾವಿನ ಮನೆಗೆ ಹೋದವರು ಸತ್ತವರ ಮುಖ ನೋಡಿ ಬರುತ್ತಾರೆ. ನಮ್ಮ ಸೋದರಮಾವ ಅಳುವವರ ಮುಖ ನೋಡಿ ಬರುತ್ತಾರೆ! ಅದೂ ಹೇಗೆ? ಕನ್ನಡಕ ಮೂಗಿನ ತುದಿಗೆ ಇಳಿಸಿ, ಕತ್ತು ಓರೆ ಮಾಡಿ, ಪೀಣ್ಯದ ಕಾರ್ಖಾನೆಯಲ್ಲಿ ಬೇರಿಂಗು ನೋಡುತ್ತಿದ್ದ ಹಾಗೆ. ಮನೆಯವರು ಅದನ್ನು ಅನುಕಂಪವೆಂದು ತಿಳಿದು ಇನ್ನಷ್ಟು ಅಳುತ್ತಾರೆ. ಅಲ್ಲಿ ನಡೆಯುತ್ತಿರುವುದು ತಪಾಸಣೆ ಎಂದು ಪಕ್ಕದಲ್ಲಿ ನಿಂತ ನನಗೆ ಮಾತ್ರ ಗೊತ್ತು.

ಮಾವ ಗದಗದ ಕಡೆಯವರು. ಪೀಣ್ಯದಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾಗಿ, ಈಗ ಮಾದನಾಯಕನಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನಲ್ಲೇ, ನಮ್ಮ ಕೆಳಗಿನ ಮಹಡಿಯಲ್ಲಿದ್ದಾರೆ. ಹೋದ ವರ್ಷ ಅತ್ತೆ ತೀರಿಕೊಂಡರು. ನಮ್ಮ ಲಿಂಗಾಯತರಲ್ಲಿ ಸೂತಕವಿಲ್ಲ. ಲಿಂಗೈಕ್ಯರಾದವರಿಗಾಗಿ ಅಳಬಾರದು, ಭಜನೆ ಮಾಡಬೇಕು ಎನ್ನುತ್ತಾರೆ. ಹಾಗೆ ಹೇಳುವುದೂ ರೂಢಿ, ಹೇಳಿ ಮುಗಿಸಿ ಗೊಳೋ ಎಂದು ಅಳುವುದೂ ರೂಢಿ! ಆದರೆ ಮಾವ ನಿಯಮವೆಂದರೆ ನಿಯಮ ಎಂದು ಬದುಕಿದ ಮನುಷ್ಯ. ವಿಭೂತಿ ಹಚ್ಚಿ ಕೂರಿಸಿದ್ದ ಅತ್ತೆಯ ಮುಂದೆ ತಾಳ ಹಿಡಿದು ಕುಳಿತು, ಒಂದು ಸ್ವರವೂ ತಪ್ಪದಂತೆ ಹಾಡಿದರು. ಕಣ್ಣಲ್ಲಿ ಒಂದು ಹನಿ ಇಲ್ಲ. "ಕಲ್ಲೆದಿ ಬಿಡವ್ವಾ" ಎಂದು ಹುಬ್ಬಳ್ಳಿಯ ಚಿಕ್ಕಮ್ಮ ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಅವರ ಕಿವಿಗೂ ಬಿತ್ತು.

ಅವತ್ತೇ ಎದುರುಮನೆಯ ಪಾಸ್ಟರ್ ಬಂದು ಮಾವನ ಕೈ ಹಿಡಿದುಕೊಂಡರು. ದುಃಖಿಸುವವರು ಧನ್ಯರು, ಅವರಿಗೆ ಸಾಂತ್ವನ ಸಿಗುತ್ತದೆ ಎಂದು ಬೈಬಲಿನಲ್ಲಿದೆ ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಬೇರೆಯವರಾಗಿದ್ದರೆ ಕೈಮುಗಿದು ಸುಮ್ಮನಾಗುತ್ತಿದ್ದರು. ಮಾವ ಕೇಳಿದರು: "ದುಃಖಿಸೂದು ಅಂದ್ರ ಎಂಥಾದ್ದು, ಪಾಸ್ಟರ್ ಸಾಹೇಬ್ರ? ಸ್ಪೆಸಿಫಿಕೇಶನ್ ಏನು?"

ಪಾಸ್ಟರ್ ಗ್ರೀಕ್ ಓದಿದವರು. ಮುಂದಿನ ವಾರ ಮಾವನ ಮನೆಯಲ್ಲಿ ಚಹಾ ಕುಡಿಯುತ್ತಾ ಬಿಡಿಸಿ ಹೇಳಿದರು.

"ಗ್ರೀಕಲ್ಲಿ ಬೇರೆ ಬೇರೆ ಪದ ಇದೆ ಸಾರ್. ಸುಮ್ನೆ ಕಣ್ಣೀರು ಹರಿಯೋದಕ್ಕೆ ದಕ್ರೂಒ. ಗಟ್ಟಿಯಾಗಿ ಅಳೋದಕ್ಕೆ ಕ್ಲೈಯೊ. ನಾನು ಹೇಳಿದ ಮಾತಲ್ಲಿರೋದು ಪೆಂಥೆಯೊ. ಸತ್ತವರಿಗಾಗಿ ಪಡೋ ಶೋಕ. ಒಳಗೆ ಮುಚ್ಚಿಟ್ಕೊಳ್ಳೋಕೆ ಆಗ್ದೆ ಹೊರಗೆ ಕಂಡ್ಬಿಡೋ ಅಂಥದ್ದು ಅಂತ ನಮ್ಮ ಮೇಷ್ಟ್ರು ಹೇಳ್ತಿದ್ರು. ಮಗ ಸತ್ತ ಅಂತ ನಂಬಿ ಬಟ್ಟೆ ಹರ್ಕೊಂಡ ಒಬ್ಬ ತಂದೆ ಕಥೆ ಬೈಬಲಲ್ಲೇ ಬರುತ್ತೆ. ಹಳೇ ಗ್ರೀಕ್ ಅನುವಾದದಲ್ಲಿ ಅಲ್ಲೂ ಇದೇ ಪದ."

"ಬಟ್ಟಿ ಹರಕೋಬೇಕಾ?" ಮಾವ ತಮ್ಮ ಇಸ್ತ್ರಿ ಅಂಗಿಯನ್ನು ನೋಡಿಕೊಂಡರು.

"ಕಡ್ಡಾಯ ಏನಿಲ್ಲ ಸಾರ್."

"ಮತ್ತ ನಂದು ಯಾವ ಪದಕ್ಕೂ ಕೂಡಂಗಿಲ್ಲಲ್ರೀ! ಹೊರಗ ಏನೂ ಕಾಣವಲ್ದು. ಹಂಗಾರ ಆ ಸಾಂತ್ವನ ನನಗ ಇಲ್ಲೇನು?"

ನಗುತ್ತಲೇ ಕೇಳಿದರು. ಆದರೆ ಪ್ರಶ್ನೆ ನಗೆಯದ್ದಲ್ಲ. ಹೆಂಡತಿಗಾಗಿ ತಾನು ದುಃಖಿಸಿದೆನೋ ಇಲ್ಲವೋ ಎಂಬುದೇ ಆ ಮನುಷ್ಯನಿಗೆ ತಿಳಿದಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಸಂಶೋಧನೆ! ಮೊದಲ ಪ್ರಯೋಗ ಸ್ವಂತದ ಮೇಲೆ. ನಮ್ಮ ಅಮ್ಮ ತಮಾಷೆಗೆ "ಉಳ್ಳಾಗಡ್ಡಿ ಹೆಚ್ಚೋ ಅಣ್ಣಾ, ನೀರು ತಾನ ಬರತೈತಿ" ಎಂದಿದ್ದೇ ತಡ, ಬುಟ್ಟಿಯಲ್ಲಿದ್ದ ಈರುಳ್ಳಿಯೆಲ್ಲ ಹೆಚ್ಚಿ ಕೂತರು. ಕಣ್ಣು ಮೂಗು ಒಂದಾಗಿ ಹರಿಯಿತು. "ನೀರು ಬಂತು, ದುಃಖ ಬರಲಿಲ್ಲ. ರಿಜೆಕ್ಟ್" ಎಂದು ತೀರ್ಪು ಕೊಟ್ಟರು. ನಮಗೆ ಎರಡು ಹೊತ್ತೂ ಈರುಳ್ಳಿ ಪಲ್ಯ.

ಆಮೇಲೆ ವೈಟ್‌ಫೀಲ್ಡಿನ ಬೀಗರ ಮನೆಯ ಸಾವು. ದೂರದೇಶದ ನೆಂಟರೆಲ್ಲ ಲ್ಯಾಪ್‌ಟಾಪಿನ ಪರದೆಯ ಮೇಲೆ ಸಾಲಾಗಿ ಕುಳಿತಿದ್ದರು. ಒಬ್ಬಾಕೆ ಎದೆ ಬಡಿದುಕೊಂಡು ಅಳುತ್ತಿದ್ದಾಳೆ, ಮ್ಯೂಟ್‌ನಲ್ಲಿ! ಮಾವ ಅಲ್ಲಿಂದಲೇ ಪಾಸ್ಟರ್‌ಗೆ ಫೋನ್ ಹಚ್ಚಿದರು.

"ಸಾಹೇಬ್ರ, ಬಾಯಿ ತಗದು ಅಳಾಕತ್ತಾಳ, ಆದ್ರ ದನಿ ಬರವಲ್ದು. ಇದು ದಕ್ರೂಒನೋ ಕ್ಲೈಯೊನೋ?"

"ಆ ಕಾಲದಲ್ಲಿ ವಿಡಿಯೋ ಕಾಲ್ ಇರ್ಲಿಲ್ಲ ಸಾರ್" ಎಂದು ಪಾಸ್ಟರ್ ಜಾರಿಕೊಂಡರು. ಆಮೇಲೆ ಕೆಲವು ದಿನ ಅವರು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತತೊಡಗಿದರು. ಬಿಡುತ್ತಾರೆಯೇ ನಮ್ಮ ಮಾವ? ಡಾಕ್ಟರ್ ಹೇಳಿದ್ದಾರೆಂದು ತಾವೂ ಮೆಟ್ಟಿಲು ಹಿಡಿದರು!

ಹೀಗೆ ವರ್ಷ ತುಂಬಿತು. ಅತ್ತೆಯ ಪುಣ್ಯಸ್ಮರಣೆಯ ದಿನ ಬಂತು. ಜಂಗಮರ ಪೂಜೆ ಮುಗಿದು ಭಜನೆ ನಡೆಯುತ್ತಿತ್ತು. ಮೂಲೆಯ ಕುರ್ಚಿಯಲ್ಲಿ ಪಾಸ್ಟರ್ ಇದ್ದರು. ಆಗ ಓನರ್ ಅಜ್ಜಿ ಕೋಲೂರಿಕೊಂಡು ಬಂದರು. ಈ ಅಪಾರ್ಟ್‌ಮೆಂಟ್ ಎದ್ದ ಜಾಗದಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದ ಮನೆತನದವರು. ಈಗ ಹಿಂದಿನ ಬೀದಿಯ ಬಾಡಿಗೆ ಮನೆಗಳೆಲ್ಲ ಅವರವೇ. ಅತ್ತೆ ಸಂಜೆ ಹೊತ್ತು ಅವರ ಜಗುಲಿಯಲ್ಲೇ ಕೂತಿರುತ್ತಿದ್ದರು. ಅತ್ತೆ ಹೋದಾಗ ಅಜ್ಜಿ ಮಂಡಿ ಆಪರೇಷನ್ ಮಾಡಿಸಿಕೊಂಡು ಮಗಳ ಮನೆಯಲ್ಲಿದ್ದುದರಿಂದ ಬರಲಾಗಿರಲಿಲ್ಲ. ಈಗ ಫೋಟೋ ಕಂಡದ್ದೇ ಕೋಲು ಬಿಸಾಕಿ ನೆಲಕ್ಕೆ ಕುಸಿದು, ರಾಗ ತೆಗೆದು ಅಳತೊಡಗಿದರು.

"ಅಯ್ಯೋ ನನ್ನವ್ವಾ, ಅವರೇಕಾಯ್ ಬಂದೈತಲ್ಲೇ! ಯಾರ್ ಜೊತೇಲಿ ಕುಂತು ಸುಲೀಲೇ ನಾನು!"

ಭಜನೆ ನಿಂತಿತು. ಚಿಕ್ಕಮ್ಮ ಧಾವಿಸಿದರು. "ಅಜ್ಜಿ, ನಮ್ಮೊಳಗ ಅಳಬಾರದ್ರೀ."

"ಸುಮ್ನಿರ್ ನೀ" ಎಂದು ಮಾವ ಎದ್ದರು. ಅಜ್ಜಿಯ ಹತ್ತಿರ ಹೋದರು. ಮುಗಿಯಿತು, ಈಗ ಕನ್ನಡಕ ಇಳಿಯುತ್ತದೆ, ಗ್ರೀಕ್ ಶುರುವಾಗುತ್ತದೆ ಎಂದು ನಾನು ನಾಚಿಕೆಯಿಂದ ಹಿಡಿಯಷ್ಟಾದೆ. ಆದರೆ ಮಾವ ಅಜ್ಜಿಯ ಪಕ್ಕ ನೆಲದ ಮೇಲೆ ಕುಳಿತು, ಚಿಕ್ಕ ಹುಡುಗನ ಹಾಗೆ ಕೇಳಿದರು: "ಅಜ್ಜೀ, ಇದನ್ನ ಹೆಂಗ ಶುರು ಮಾಡ್ತೀರಿ?"

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಅವಳ್ ಎಸ್ರಿಡ್ದು ಕೂಗಪ್ಪ. ಮಿಕ್ಕಿದ್ದು ಅದೇ ಬತ್ತದೆ."

ಮಾವ ಎಂದೂ ಅತ್ತೆಯನ್ನು ಹೆಸರು ಹಿಡಿದು ಕರೆದವರಲ್ಲ. ಅವರ ಕಾಲದ ಗಂಡಹೆಂಡಿರಿಗೆ ಅದು ಸಂಕೋಚದ ಸಂಗತಿ. "ಏ ಇಕಿ", "ಇಲ್ಲಿ ಕೇಳು" ಎನ್ನುತ್ತಲೇ ಸಂಸಾರ ಮಾಡಿ ಮುಗಿಸಿದ್ದರು. ಈಗ ಬಾಯಿ ತೆರೆದರು, ಮುಚ್ಚಿದರು. ಫೋಟೋ ನೋಡಿದರು.

"ನೀಲಾ" ಎಂದರು ಮೆಲ್ಲಗೆ, ಹೇಗೆ ಕೇಳಿಸುತ್ತದೋ ನೋಡೋಣ ಎನ್ನುವವರಂತೆ. ಆಮೇಲೆ ಗಟ್ಟಿಯಾಗಿ, "ನೀಲಾ!" ಎಂದರು. ಮತ್ತೊಮ್ಮೆ ಕರೆಯಲು ಹೋದರು, ಹೆಸರು ಪೂರ್ತಿ ಹೊರಡಲಿಲ್ಲ. ಹಣೆ ನೆಲಕ್ಕೆ ಹತ್ತುವಷ್ಟು ಬಾಗಿದರು. ಇಸ್ತ್ರಿ ಅಂಗಿಯ ಬೆನ್ನು ಅಲುಗುವುದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ.

ಅಜ್ಜಿ ಅವರ ಬೆನ್ನ ಮೇಲೊಂದು ಕೈಯಿಟ್ಟು ತಮ್ಮ ರಾಗ ಮುಂದುವರಿಸಿದರು. ಅದು ಯಾವ ಪದ ಎಂದು ಮಾವ ಕೇಳಲಿಲ್ಲ. ಪಾಸ್ಟರ್ ಕುರ್ಚಿಯಿಂದ ಎದ್ದು ಹೋಗಿ ಮಾವನ ಇನ್ನೊಂದು ಪಕ್ಕದಲ್ಲಿ ಕುಳಿತರು.