ಮೂಳೆಗೆ ಬಂದ ಜ್ವರ

ಸರ್ಕಾರ ಒಂದು ಭಾಷೆಯಲ್ಲಿ ಹೇಳುತ್ತದೆ, ನಮ್ಮ ಜನ ಇನ್ನೊಂದರಲ್ಲಿ ಕೇಳಿಸಿಕೊಳ್ಳುತ್ತಾರೆ. ತಮಿಳುನಾಡಿನ ತೊಪ್ಪೂರಿನ ಸುತ್ತ ಕುರಿ ಸಾಕಿಕೊಂಡಿರುವ ನಮ್ಮ ಕನ್ನಡದ ಹಟ್ಟಿಗಳಲ್ಲಿ ಈ ಎಡವಟ್ಟು ನಿಂತ ದಿನವೇ ಇಲ್ಲ. ಸಾವಿರದ ಒಂಬೈನೂರ ಎಪ್ಪತ್ತರ ಆಚೀಚೆ ನಾನು ಊರೂರು ಸುತ್ತಿ, ಅರ್ಜಿ ಬರೆದು, ಕಂಡ ಅಧಿಕಾರಿಯ ಜೊತೆಯೆಲ್ಲ ಜಗಳ ಕಾಯುತ್ತಿದ್ದೆ. ಜಗಳಗಳು ಮರೆತುಹೋಗಿವೆ. ನಗು ಬಂದದ್ದು ಮಾತ್ರ ನೆನಪಿದೆ.

1. ತಮಟೆ

ಒಂದು ಬೇಸಿಗೆಯಲ್ಲಿ ಆರೋಗ್ಯ ಇಲಾಖೆಯವರು ತಮಟೆ ಹೊಡೆಸಿ ತಮಿಳಿನಲ್ಲಿ ಸಾರಿದರು: 'ಮೂಳೈ ಕಾಯ್ಚಲ್' ಬಂದಿದೆ, ಹುಷಾರು. ತಮಿಳಿನ ಮೂಳೈ ಅಂದರೆ ಮಿದುಳು, ಕಾಯ್ಚಲ್ ಅಂದರೆ ಜ್ವರ. ಸಂತೆಗೆ ಹೋಗಿಬರುವ ಗಂಡಸರಿಗೆ ಅದು ಗೊತ್ತು, ಆದರೆ ಅವರೆಲ್ಲ ಕುರಿ ಹಿಂದೆ ಹೋಗಿದ್ದರು. ಮನೆಯಲ್ಲಿದ್ದ ಹೆಂಗಸರು ಕನ್ನಡದ ಕಿವಿಯಲ್ಲಿ ಕೇಳಿಸಿಕೊಂಡರು: ಮೂಳೆಗೆ ಜ್ವರ.

ನಾನು ಹೋಗಿ ನೋಡಿದರೆ ಅರ್ಧ ಹಟ್ಟಿ ಮೈಗೆ ಎಣ್ಣೆ ಬಳಿದುಕೊಂಡು ಬಿಸಿಲಲ್ಲಿ ಕೂತಿದೆ.

"ಇದೇನಜ್ಜಿ?"

"ಮೂಳೆ ಗಟ್ಟಿಯಾಗ್ಲಿ ಅಂತ ಕಣಪ್ಪ."

"ಅದು ಮೂಳೆಗೆ ಬರೋದಲ್ಲ. ತಲೆಯೊಳಗೆ ಮಿದುಳು ಐತಲ್ಲ, ಅದರ ಸುತ್ತ ಇರೋ ಪೊರೆಗೆ ಬರೋ ಜ್ವರ."

ಅಜ್ಜಿ ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟು ನಿಟ್ಟುಸಿರು ಬಿಟ್ಟಳು. "ಅಂಗಾದ್ರೆ ನಮ್ಮನೆ ಗಂಡಸ್ರಿಗೆ ಭಯ ಇಲ್ಲ ಬಿಡು."

2. ಭಾಷಣ

ಧರ್ಮಪುರಿಯ ಒಬ್ಬ ನರ್ಸಮ್ಮನನ್ನು ಕೇಳಿ ಕೇಳಿ ಕಲಿತುಕೊಂಡು, ಅರಳಿಕಟ್ಟೆಯಲ್ಲಿ ಊರನ್ನು ಸೇರಿಸಿದೆ. ಜೋರು ಜ್ವರ, ತಡೆಯಲಾಗದ ತಲೆನೋವು, ವಾಂತಿ, ಬೆಳಕು ಕಂಡರೆ ಆಗದಿರುವುದು, ಕತ್ತು ಮರದ ಹಾಗೆ ಬಿಗಿಯುವುದು. ಗದ್ದ ಎದೆಗೆ ಮುಟ್ಟದಿದ್ದರೆ ಒಂದು ಗಳಿಗೆಯೂ ಕಾಯಬೇಡಿ, ಆಸ್ಪತ್ರೆಗೆ ಓಡಿ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ. ಒಂದೇ ಲೋಟ ಎಲ್ಲರ ಬಾಯಿಗೂ ಹೋಗುವುದು ಬೇಡ. ಕಿಟಕಿಯಿಲ್ಲದ ಕೋಣೆಯಲ್ಲಿ ಹತ್ತು ಜನ ಒತ್ತಿಕೊಂಡು ಮಲಗಬೇಡಿ. ಕಿಟಕಿ ಇಡಿಸದ ಸರ್ಕಾರವನ್ನೂ ಬಿಡಲಿಲ್ಲ, ಅದಕ್ಕೇ ಅರ್ಧ ಗಂಟೆ ಹೋಯಿತು.

ಮಾತು ಮುಗಿಸಿ ನೋಡಿದೆ. ಎಲ್ಲರ ಗದ್ದವೂ ಎದೆಗೆ ಮುಟ್ಟಿತ್ತು. ಹೇಳಿದ ತಕ್ಷಣ ಪರೀಕ್ಷೆ ಮಾಡಿಕೊಳ್ಳುತ್ತಿದ್ದಾರಲ್ಲ ಎಂದು ಹೆಮ್ಮೆಪಟ್ಟೆ, ಗೊರಕೆ ಕೇಳಿಸುವವರೆಗೆ.

3. ರಸ್ತೆ ತಡೆ

ಒಬ್ಬಳು ಮಾತ್ರ ಎಚ್ಚರವಾಗಿದ್ದಳು, ಒಬ್ಬ ಕುರಿಗಾಹಿಯ ಹೆಂಡತಿ. ಮೂರು ದಿನ ಕಳೆದು ಅವಳ ಏಳು ವರ್ಷದ ಮಗಳಿಗೇ ಜ್ವರ ಏರಿತು, ಕತ್ತು ಬಿಗಿಯಿತು. ಮಾವ ಮೂಳೆ ಕಟ್ಟುವವನನ್ನು ಕರೆಸಿದ್ದ. ಅವನು ಎಣ್ಣೆ ಕಾಯಿಸುತ್ತಿದ್ದಾಗ ನಾನು ಹೋದೆ. ತಾಯಿ ಮಗುವನ್ನು ಕೊಡದೆ ಅವುಚಿಕೊಂಡಿದ್ದಳು. "ಗದ್ದ ಮುಟ್ತಾ ಇಲ್ಲಣ್ಣ. ಸೇಲಂಗೆ ಓಗ್ಬೇಕು."

"ಮೂಳೆ ನನ್ನ ಕಸುಬು ಕಣಲಾ, ನಿಂದಲ್ಲ," ಅಂದ ಮೂಳೆಯವನು.

"ಇಲ್ಲಿ ತಡವಾದ್ರೆ ಮಗು ಉಳಿಯಕ್ಕಿಲ್ಲ. ಆಮೇಲೆ ಕಲೆಕ್ಟರಿಗೆ ಬರೆಯೋ ಅರ್ಜೀಲಿ ಮೊದಲ್ನೇ ಎಸರು ನಿಂದೇ," ಅಂದೆ.

ಅವನು ಎಣ್ಣೆ ಇಳಿಸಿ, ಮಗುವನ್ನು ತಾನೇ ಎತ್ತಿಕೊಂಡು ರಸ್ತೆಗೆ ಓಡಿದ.

ಅಲ್ಲಿ ಬಸ್ಸು ನಿಲ್ಲಿಸುವುದಿಲ್ಲ. ನಾನು ರಸ್ತೆಗೆ ಅಡ್ಡ ಮಲಗಿ, ಕಣ್ಣು ಮುಚ್ಚಿ ಘೋಷಣೆ ಕೂಗಿದೆ. ಬಸ್ಸು ನಿಂತಿತು. ಕಂಡಕ್ಟರು ಮಗುವಿನ ಮುಖ ನೋಡಿದವನೇ ತಾಯಿ, ಮಗು, ಮೂಳೆಯವನು ಮೂವರನ್ನೂ ಹತ್ತಿಸಿಕೊಂಡ. ಬಸ್ಸು ನನ್ನ ಪಕ್ಕದಿಂದ ಬಳಸಿ ಸೇಲಂಗೆ ಹೋಯಿತು. ನಾನು ಇನ್ನೂ ಕೂಗುತ್ತಲೇ ಮಲಗಿದ್ದೆ.

4. ಮಾತ್ರೆ

ಮಾರನೆಯ ದಿನ ನರ್ಸಮ್ಮ ಹಟ್ಟಿಗೆ ಬಂದು, ಮಗುವಿನ ಜೊತೆ ಒಂದೇ ಸೂರಿನಡಿ ಮಲಗುವವರೆಲ್ಲ ಕಾಯಿಲೆ ಹತ್ತದಂತೆ ಮಾತ್ರೆ ನುಂಗಬೇಕು ಅಂದಳು.

"ನಾವು ಆರು ಜನ, ಕುರಿ ಅನ್ನೊಂದು," ಅಂದ ಮಗುವಿನ ತಾತ.

"ಕುರಿಗಿಲ್ಲ ತಾತ."

"ಅವು ಓಟು ಆಕಕ್ಕಿಲ್ಲ ಅಂತ ತಾನೆ?"

5. ಹೆಸರೇನು

ನಾನು ಸೇಲಂ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಡಾಕ್ಟರು ಮಗುವಿನ ಬೆನ್ನಿನಿಂದ ಸೂಜಿಯಲ್ಲಿ ನೀರು ತೆಗೆದು ನೋಡಿ, ಪೆನಿಸಿಲಿನ್ ಶುರುಮಾಡಿದ್ದರು. ಬೇಗ ತಂದಿರಿ, ಅದೇ ಒಳ್ಳೆಯದಾಯಿತು ಅಂದರು. ಐದನೆಯ ದಿನ ಜ್ವರ ಇಳಿಯಿತು, ಮಗು ಕಣ್ಣು ಬಿಟ್ಟಿತು. ಆದರೆ ಈ ಕಾಯಿಲೆ ಹೋಗುವಾಗ ಕೆಲವರ ಕಿವಿ ತೆಗೆದುಕೊಂಡು ಹೋಗುತ್ತದೆ, ಪರೀಕ್ಷೆ ಮಾಡಬೇಕು ಅಂದಾಗ ತಾಯಿ ಮಂಚದ ಕಂಬಿ ಹಿಡಿದುಕೊಂಡಳು.

ಡಾಕ್ಟರು ಬಗ್ಗಿ ಹೆಸರು ಕೇಳಿದರು, "ಉನ್ ಪೇರ್ ಎನ್ನಮ್ಮಾ?"

ಮಗು ಸುಮ್ಮನೆ ನೋಡಿತು. ಅವರು ದನಿ ಏರಿಸಿದರು. ಕಿವಿಯ ಹತ್ತಿರ ಬಾಯಿಟ್ಟು, ಪಕ್ಕದ ವಾರ್ಡಿನವರು ಎದ್ದು ಬರುವಷ್ಟು ಜೋರಾಗಿ ಕೂಗಿದರು. ತಾಯಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು. ಯಾರ ಮೇಲೆ ಜಗಳಕ್ಕೆ ಹೋಗಲಿ ಎಂದು ನನಗೂ ತಿಳಿಯಲಿಲ್ಲ. ಹಟ್ಟಿ ದಾಟದ ಮಗುವಿಗೆ ತಮಿಳೇ ಬರುವುದಿಲ್ಲ ಎನ್ನುವುದು ಆ ಗಾಬರಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮಗು ನಿಧಾನವಾಗಿ ಅಮ್ಮನ ಕಡೆ ತಿರುಗಿತು.

"ಅವ್ವಾ, ಪಾಪ, ಈವಪ್ಪನಿಗೆ ಕಿವಿ ಕೇಳಕ್ಕಿಲ್ವಾ?"