ಮಂದಗಮನೆಯ ಕೊಳಾಯಿ ವಿಜಯ

ಎಲೆ ನಲ್ಲಿನಿವಾಸಿನಿಯಾದ ನೀರದೇವಿಯೇ, ಹಿತ್ತಾಳೆಯ ಬಾಯಿಂದಲೂ ಪ್ಲಾಸ್ಟಿಕ್ಕಿನ ಬಾಯಿಂದಲೂ ಭೇದವೆಣಿಸದೆ ಹರಿಯುವ ಸಮದರ್ಶಿನಿಯೇ, ಈ ಕಥೆ ಮುಗಿಯುವವರೆಗೆ ಹೇಳುವವನ ನಾಲಿಗೆ ಹೆಪ್ಪುಗಟ್ಟದಂತೆ ಕಾಯಿ. ಹಿಂದಿನ ಯುಗಗಳ ವೀರರು ಕಡಲು ಕಡೆದರು, ಬೆಟ್ಟ ಎತ್ತಿದರು ಎಂದು ಹಿರಿಯರು ಹೇಳುತ್ತಾರೆ, ಹೇಳಲಿ, ನೋಡಿದವರಾರು? ಡೀಸೆಲ್ಲೂ ಡಾಂಬರೂ ಆಳುವ ಈ ಯುಗದಲ್ಲಿ, ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನ ಸ್ಟಿಯರಿಂಗನ್ನು ಸುದರ್ಶನದಂತೆ ತಿರುಗಿಸಿದ, ಗೇರುದಂಡಧರ, ಹಾರನ್‌ಶಂಖನಾದಬಧಿರೀಕೃತದಿಗಂತ, ಅಣ್ಣಿಗೇರಿಯ ಫಕ್ಕೀರಪ್ಪನವರು ಹಿಮದ ಮೇಲೆ ಸಾರಿದ ಸಮರವನ್ನು ಕೇಳಿರಿ. ಇದನ್ನು ನೋಡಿದವರು ಇಬ್ಬರಿದ್ದಾರೆ, ಒಬ್ಬರು ಅವರ ಹೆಂಡತಿ ದ್ಯಾಮವ್ವ, ಇನ್ನೊಬ್ಬರು ಸ್ವತಃ ವೀರರೇ.

ನಿವೃತ್ತಿಯಾದ ತಿಂಗಳೇ ಫಕ್ಕೀರಪ್ಪನವರು ಒಂದು ಹಳೆಯ ಮಿನಿಬಸ್ಸು ತಂದು, ಸೀಟುಗಳನ್ನು ಕಿತ್ತೆಸೆದು, ಮಂಚ, ಒಲೆ, ನೀರಿನ ಟಾಕಿ, ಪಂಪು, ಗೀಸರು, ಅಂಗೈಯಗಲದ ಬಚ್ಚಲು ಎಲ್ಲವನ್ನೂ ಅದರೊಳಗೆ ಕೂಡಿಸಿ, ಉರುಳುವ ಮನೆಯೊಂದನ್ನು ಕಟ್ಟಿದರು. ಅದಕ್ಕೆ ಮಂದಗಮನೆ ಎಂದು ಹೆಸರಿಟ್ಟರು. ಘಟ್ಟದಲ್ಲಿ ಅವಳ ಹಿಂದೆ ಸಿಕ್ಕಿಹಾಕಿಕೊಂಡ ಲಾರಿಯವರಿಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ರತಿ ಬೇಸಿಗೆ ಗಂಡಹೆಂಡತಿ ಹಿಮಾಲಯದ ಸ್ಪಿತಿ ಕಣಿವೆಯಲ್ಲಿ ಸುತ್ತುವುದು, ಚಳಿ ಕಾಲಿಡುವ ಹೊತ್ತಿಗೆ ತಾಶಿ ಎಂಬ ರೈತನ ಅಂಗಳದಲ್ಲಿ ಗಾಡಿ ನಿಲ್ಲಿಸಿ, ದಾರಿ ಮುಚ್ಚುವ ಮೊದಲು ಜೀಪು ಹಿಡಿದು ಹುಬ್ಬಳ್ಳಿಗೆ ಇಳಿಯುವುದು ವಾಡಿಕೆಯಾಯಿತು.

ಆದರೆ ಹೋದ ವರ್ಷ ಒಂದು ಅನರ್ಥ ನಡೆದಿತ್ತು. ಬಯಲುಸೀಮೆಯ ಬಿಸಿಲಿನಲ್ಲಿ ಬೆಂದ ನಮ್ಮ ವೀರರು ಪೈಪುಗಳಲ್ಲಿ ನೀರನ್ನು ಹಾಗೇ ಬಿಟ್ಟು ಹೋದರು. ನೀರು ಹೆಪ್ಪುಗಟ್ಟಿತು, ಹಿಗ್ಗಿತು, ಪೈಪು ಸೀಳಿತು. ಮೇ ತಿಂಗಳಲ್ಲಿ ಬಂದು ಪಂಪು ಹಾಕಿದೊಡನೆ ಏಳು ಕಡೆ ಕಾರಂಜಿ ಎದ್ದು, ದ್ಯಾಮವ್ವನವರ ಹಾಸಿಗೆ, ರೊಟ್ಟಿಗೆ ನಂಜಿಕೊಳ್ಳುವ ಶೇಂಗಾ ಹಿಂಡಿ, ಒಂದು ಡಬ್ಬಿ ಸಂಡಿಗೆ ಎಲ್ಲವೂ ಜಲಸಮಾಧಿಯಾದವು. ದ್ಯಾಮವ್ವನವರು ಎರಡು ದಿನ ಹಾಸಿಗೆ ಒಣಗಿಸಿದರು. ಮೂರನೆಯ ದಿನ, ಒದ್ದೆ ಸಂಡಿಗೆಯನ್ನು ಹೊರಗೆ ಚೆಲ್ಲಿ ಬಂದು, ಶಾಂತವಾಗಿ ಹೇಳಿದರು.

"ಇನ್ನೊಮ್ಮೆ ಹಿಂಗಾದ್ರ ಗಾಡಿ ಮಾರೂದು. ನಮ್ಮ ತಂಗಿ ಮನಿ ಮ್ಯಾಲ ಎರಡು ಖೋಲಿ ಖಾಲಿ ಅದಾವು. ಅಲ್ಲಿ ಸುಮ್ಮನ ಕುಂದ್ರೂದು."

ಆ ಎರಡು ಖೋಲಿಗಳ ಕೆಳಗೆ ಷಡ್ಡಕರಿದ್ದರು. ಷಡ್ಡಕರಿಗೆ ಸಕ್ಕರೆ ಕಾಯಿಲೆಯಿತ್ತು, ಅದರ ವೃತ್ತಾಂತವನ್ನು ಅವರು ದಿನಕ್ಕೆ ಮೂರು ಹೊತ್ತು, ಊಟದ ಮೊದಲೂ ಆಮೇಲೂ ಹೇಳುತ್ತಿದ್ದರು. ಉಳಿದ ಆಯುಷ್ಯವೆಲ್ಲ ಅದನ್ನು ಕೇಳುತ್ತ ಕೂರುವುದನ್ನು ನೆನೆದು, ಬ್ರೇಕಿಲ್ಲದ ಬಸ್ಸನ್ನು ಇಳಿಜಾರಿನಲ್ಲಿ ನಿಲ್ಲಿಸಿದ್ದ ಆ ಎದೆಯೂ ಝಲ್ಲೆಂದಿತು.

ಆದ್ದರಿಂದ ಈ ವರ್ಷ ಅವರು ಅಸ್ತ್ರ ತಂದಿದ್ದರು. ಆಂಟಿಫ್ರೀಜ್ ಎಂಬ ಗುಲಾಬಿ ಬಣ್ಣದ ದ್ರವ, ಮೂರು ಕ್ಯಾನು. ರೇಡಿಯೇಟರಿಗೆ ಹಾಕುವ ವಿಷವಲ್ಲ, ಕುಡಿಯುವ ನೀರಿನ ಪೈಪಿಗೆಂದೇ ಮಾಡಿದ್ದು. ಎಂಥ ಚಳಿಗೂ ಕಲ್ಲಾಗಿ ಹಿಗ್ಗದು, ಪೈಪು ಒಡೆಯದು. ಹೊರಡುವ ದಿನ ಬೆಳಗ್ಗೆ, ಜೀಪಿಗೆ ಇನ್ನೂ ನಾಲ್ಕು ಗಂಟೆಯಿರುವಾಗ, ಕಿವಿಗೆ ಮಫ್ಲರ್ ಬಿಗಿದು, ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು, ಫಕ್ಕೀರಪ್ಪನವರು ಹಿಮಶಿಖರಗಳಿಗೆ ಎದುರಾಗಿ ನಿಂತರು. ಹರೆಯದಲ್ಲಿ ದೊಡ್ಡಾಟದ ರಾಜಪಾತ್ರ ಕಟ್ಟಿದವರು, ಮಾತಿಗೇನು ಬರ?

"ಎಲವೋ ಹಿಮವೇ, ಕಳ್ಳನಂತೆ ಕೊಳವೆಯೊಳಗೆ ಹೊಕ್ಕು ಸಂಡಿಗೆಯನ್ನು ಸಂಹರಿಸಿದ ಹೇಡಿಯೇ! ಅಂದು ನಾನು ಮೈಮರೆತಿದ್ದೆ. ಇಂದು ನನ್ನ ಒಂದೊಂದು ನಲ್ಲಿಯ ಬಾಯಲ್ಲೂ ಗುಲಾಬಿ ಕಾವಲುಗಾರನನ್ನು ನಿಲ್ಲಿಸುವೆ. ತಾಕತ್ತಿದ್ದರೆ ಒಳಗೆ ಬಾ!"

ಬಟ್ಟೆ ಮಡಿಸುತ್ತಿದ್ದ ದ್ಯಾಮವ್ವನವರು ತಲೆಯೆತ್ತದೆ, ಗಂಟಲು ಕಟ್ಟೀತು, ಬಿಸಿನೀರು ಕುಡಿದು ಬೈಯಿರಿ ಎಂದರು.

ಸಮರ ಆರಂಭವಾಯಿತು. ಮೊದಲು ವೀರರು ಮಂದಗಮನೆಯ ಹೊಟ್ಟೆಯಡಿ ಅಂಗಾತ ಮಲಗಿ, ಟಾಕಿಯ ಪುಟ್ಟ ನಲ್ಲಿಯನ್ನು ತೆರೆದು, ಇದ್ದ ನೀರನ್ನೆಲ್ಲ ಹೊರಗಟ್ಟಿದರು. ಕೊನೆಯ ಹನಿಯೂ ಇಳಿಯಲೆಂದು ಅದನ್ನು ತೆರೆದೇ ಬಿಟ್ಟರು. ಗೀಸರಿನ ಬೂಚು ತೆಗೆದು ಅದನ್ನೂ ಬರಿದು ಮಾಡಿ, ಬೂಚು ಹಾಕಿದರು. ಆಮೇಲೆ ಪಂಪಿನ ಕೊಳವೆಯನ್ನು ಮೊದಲ ಕ್ಯಾನಿನಲ್ಲಿ ಅದ್ದಿ ಸ್ವಿಚ್ಚು ಒತ್ತಿದರು. ಪಂಪು ಗುಡುಗಿತು. ಕ್ಯಾನು ಬರಿದಾಯಿತು. ನಲ್ಲಿಯಲ್ಲಿ ಮಾತ್ರ ಒಂದು ಹನಿ ಗುಲಾಬಿಯೂ ಕಾಣಲಿಲ್ಲ.

ಶತ್ರುವಿನ ಮಾಯೆಯೇ ಇದು ಎಂದು ವೀರರು ದಿಕ್ಕು ದಿಕ್ಕಿಗೆ ನೋಡಿದರು. ಗಾಡಿಯ ಕೆಳಗೆ ಇಣುಕಿದರು, ಪಂಪಿಗೆ ಕಿವಿಯಿಟ್ಟರು, ಕ್ಯಾನನ್ನು ತಲೆಕೆಳಗು ಮಾಡಿ ಅಲುಗಿಸಿದರು. ಬಹಳ ಹೊತ್ತಿನ ಮೇಲೆ ನೆನಪಾಯಿತು: ಗೀಸರನ್ನು ಬಿಟ್ಟು ಸುತ್ತುದಾರಿಯಲ್ಲಿ ದ್ರವ ಹಾಯುವಂತೆ ಒಂದು ಗುಬುಟು ತಿರುಗಿಸಬೇಕಿತ್ತು, ಅದನ್ನು ತಿರುಗಿಸಿರಲಿಲ್ಲ. ಕುಂಭೋದರನಾದ ಗೀಸರು ಇಡೀ ಕ್ಯಾನನ್ನು ಒಂದೇ ಗುಟುಕಿಗೆ ಕುಡಿದು ಏನೂ ಅರಿಯದವರಂತೆ ಕೂತಿತ್ತು. ಹೆಂಡತಿ ನೋಡಲಿಲ್ಲವೆಂಬುದನ್ನು ಖಾತ್ರಿ ಮಾಡಿಕೊಂಡು ಫಕ್ಕೀರಪ್ಪನವರು ಗುಬುಟು ತಿರುಗಿಸಿದರು.

ಎರಡನೆಯ ಕ್ಯಾನು ಹಾಗೆ ಮೋಸ ಮಾಡಲಿಲ್ಲ. ಅಡುಗೆಯ ನಲ್ಲಿ ಕೆಮ್ಮಿತು, ಉಗುಳಿತು, ಗುಲಾಬಿಯಾಯಿತು. ತಣ್ಣೀರಿನ ನಲ್ಲಿ ಶರಣಾಯಿತು, ಬಿಸಿನೀರಿನದು ಶರಣಾಯಿತು. ಬಚ್ಚಲಿನ ಶವರು ಮಾತ್ರ ಸೋಲುವ ಮುನ್ನ ವೀರರ ಎದೆಗೇ ಗುರಿಯಿಟ್ಟು ಅಂಗಿಯನ್ನು ಗುಲಾಬಿ ಮಾಡಿತು. ಮೂರನೆಯ ಕ್ಯಾನಿನಲ್ಲಿ ಕಕ್ಕಸಿನ ಕೊಳವೆಯೂ ಬಚ್ಚಲಿನ ಕಂಡಿಯೂ ಹೆಪ್ಪಿನ ಭಯದಿಂದ ಪಾರಾದವು. ಕ್ಯಾನಿನ ತಳದಲ್ಲಿ ಒಂದು ಲೋಟವೂ ಉಳಿದಿರಲಿಲ್ಲ. ಸೊಂಟ ಹಿಡಿದುಕೊಂಡು ಎದ್ದ ಫಕ್ಕೀರಪ್ಪನವರ ಕಣ್ಣು ತುಂಬಿ ಬಂತು, ಅಷ್ಟು ಖುಷಿಯಾಗಿತ್ತು.

ಗೆದ್ದವನಿಗೆ ಗೆದ್ದದ್ದನ್ನು ಹೇಳದಿದ್ದರೆ ಉಂಡದ್ದು ಕರಗದು. ಅವರು ನೇರ ತಾಶಿಯ ಮನೆಗೆ ಹೋಗಿ, ಬೆಣ್ಣೆಚಹ ಕುಡಿಯುತ್ತ, ತಮಗೆ ಬರುವ ಹಿಂದಿಯಲ್ಲಿ ಮತ್ತು ಕೈಸನ್ನೆಯಲ್ಲಿ, ಯುದ್ಧವನ್ನು ಮೊದಲಿಂದ ಕಡೆತನಕ ನಿರೂಪಿಸಿದರು. ಗೀಸರಿನ ಪ್ರಸಂಗ ಬಿಟ್ಟರೂ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಜೀಪು ಬಂದು ನಿಂತಿತು.

ಕಣಿವೆಯ ತಿರುವಿನವರೆಗೂ ಅವರು ಹಿಂತಿರುಗಿ ಗಾಡಿಯನ್ನೇ ನೋಡುತ್ತಿದ್ದರು. ಇನ್ನು ಮೇ ತಿಂಗಳವರೆಗೆ ಚಿಂತೆಯಿಲ್ಲ, ಒಂದು ತೊಟ್ಟು ನೀರು ಉಳಿದಿಲ್ಲ ಎಂದು ಹೆಂಡತಿಗೆ ಹೇಳಿದರು. ದ್ಯಾಮವ್ವನವರು ಸೆರಗು ಸರಿಮಾಡಿಕೊಂಡರು.

"ಟಾಕಿ ತುಂಬಿಸಿ ಬಂದೀನಿ. ಚಿಂತಿ ಮಾಡಬ್ಯಾಡ್ರಿ."

ಫಕ್ಕೀರಪ್ಪನವರಿಗೆ ಮೊದಲು ಅರ್ಥವಾಗಲಿಲ್ಲ. ಅವರು ಚಹ ಕುಡಿಯಲು ಹೋದಾಗ, ಹೊಟ್ಟೆಯಡಿಯ ನಲ್ಲಿ ತೆರೆದೇ ಇರುವುದನ್ನು ದ್ಯಾಮವ್ವನವರು ಕಂಡಿದ್ದರು. ಗಂಡನ ಮರೆವು ಗೊತ್ತಿದ್ದುದೇ; ಅದನ್ನು ಬಿಗಿಯಾಗಿ ಮುಚ್ಚಿ, ತಾಶಿಯ ಕಾಲುವೆಯಿಂದ ಆರು ಕೊಡ ನೀರು ಹೊತ್ತು ತಂದು ಟಾಕಿಗೆ ಸುರಿದಿದ್ದರು. ಪೈಪಿಗೆ ಔಷಧ ಹಾಕಿದ್ದಾಯಿತಲ್ಲ, ಟಾಕಿಗೇನಾಗುತ್ತದೆ ಎಂಬುದು ಅವರ ಎಣಿಕೆ.

"ಆರು ಕೊಡ?" ಎಂದರು ಫಕ್ಕೀರಪ್ಪ. ದನಿಯಲ್ಲಿ ದೊಡ್ಡಾಟ ಉಳಿದಿರಲಿಲ್ಲ. "ಯಾಕ?"

"ಯಾಕಂದ್ರ? ಮನಿ ಬಿಟ್ಟು ಊರಿಗೆ ಹೋಗುವಾಗ ನೀರು ಖಾಲಿ ಇಟ್ಟು ಹೋಗ್ತಾರೇನು? ತುಂಬಿಸಿ ಇಟ್ರ ಮತ್ತ ಬರೂದು ಆಗ್ತೈತಿ. ನಮ್ಮವ್ವ ಹಂಗ ಮಾಡ್ತಿದ್ಳು, ನಾನೂ ಹಂಗ ಮಾಡೀನಿ."

ವೀರರು ಜೀಪು ನಿಲ್ಲಿಸಿ, ಅರ್ಧ ಮೈಲಿ ಹಿಂದಕ್ಕೆ ಓಡಿದರು. ಗಾಡಿಯಡಿ ಅಂಗಾತ ಬಿದ್ದು, ಎರಡು ಬೆರಳಲ್ಲಿ ಆ ಪುಟ್ಟ ನಲ್ಲಿಯನ್ನು ಕಾಲು ಸುತ್ತು ತಿರುಗಿಸಿದರು. ಆರು ಕೊಡ ನೀರು ಸೊರ್ರೆಂದು ಇಳಿದು ಹೋಯಿತು. ಮಾಡಬೇಕಾಗಿದ್ದುದು ಅಷ್ಟೇ. ಕೆಸರಿನಲ್ಲಿ ಕೂತು ಏದುಸಿರು ಬಿಡುತ್ತ ಅವರು ಯೋಚಿಸಿದ್ದು ಮಾತ್ರ ಟಾಕಿಯನ್ನಲ್ಲ, ಮೊಣಕಾಲು ನೋವಿನ ಹೆಂಗಸು ಆರು ಸಲ ಕಾಲುವೆಗೆ ಇಳಿದು ಹತ್ತಿದ್ದನ್ನು. ಮಾರುವ ಗಾಡಿಗೆ ಯಾರೂ ನೀರು ತುಂಬುವುದಿಲ್ಲ. ಅವರು ಒಳಗೆ ಹೋಗಿ, ಅಗಲ ಬಾಯಿಯ ಬೋಗುಣಿಯೊಂದರಲ್ಲಿ ಕಾಲುವೆಯ ನೀರು ತಂದು ಒಲೆಯ ಪಕ್ಕ ಇಟ್ಟರು. ಅದು ಹೆಪ್ಪುಗಟ್ಟಿದರೆ ಗಟ್ಟಲಿ, ಒಡೆಯುವಂಥದ್ದು ಅಲ್ಲೇನೂ ಇರಲಿಲ್ಲ.

ವಾಪಸು ಬಂದಾಗ ಜೀಪಿನವರೆಲ್ಲ ಮುಖ ಊದಿಸಿಕೊಂಡಿದ್ದರು. ಬೋಗುಣಿಯಲ್ಲಿ ನೀರಿಟ್ಟು ಬಂದೆ ಎಂದು ಫಕ್ಕೀರಪ್ಪನವರು ಮೆಲ್ಲಗೆ ಹೇಳಿದರು. ದ್ಯಾಮವ್ವನವರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಏನಾಯಿತು ಎಂದು ಹಿಂದಿನ ಸೀಟಿನವನೊಬ್ಬ ಕೇಳಿದ್ದಕ್ಕೆ, ಡ್ರೈವರು ಗೇರು ಹಾಕುತ್ತ, ವಯಸ್ಸಾದವರು ನೋಡಿ, ನಲ್ಲಿ ಬಂದ್ ಮಾಡುವುದು ಮರೆತಿದ್ದರಂತೆ ಎಂದ. ಹಿಮವಿಜಯಿ ಫಕ್ಕೀರಪ್ಪನವರು ಗುಲಾಬಿ ಅಂಗಿಯ ಮೇಲೆ ಸ್ವೆಟರು ಎಳೆದುಕೊಂಡು, ಹೌದು, ಅಷ್ಟೇ, ಎಂದರು.